ಕೈ ಮುಗಿಯಲು ಬಿಡದ ಕುರ್ಚಿ

ನನ್ನನ್ನು ಎತ್ತಿಕೊಂಡು ಹೋಗುವುದು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ನಡೆದ ಉದ್ಯೋಗ. ಮೊದಲು ಅವ್ವ ಎತ್ತಿದಳು, ಆಮೇಲೆ ಅಪ್ಪ, ಅಪ್ಪನ ಬೆನ್ನು ಹಿಡಿದುಕೊಂಡ ಮೇಲೆ ಅಣ್ಣ. ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ನನ್ನ ಕಾಲಿನ ಬಲ ಹೋಯಿತಂತೆ. ನಡೆದ ನೆನಪು ನನಗಿಲ್ಲ, ಹಾಗಾಗಿ ನಡಿಗೆಗಾಗಿ ಅತ್ತವಳೂ ಅಲ್ಲ. ನಾನು ಅತ್ತದ್ದೆಲ್ಲ ಎತ್ತುವವರ ದಾರಿ ಕಾಯುವಾಗ. ಅವರಿಗೆ ಬಿಡುವಾದಾಗ ನನಗೆ ಬಚ್ಚಲು, ಅವರಿಗೆ ಮನಸ್ಸಾದಾಗ ನನಗೆ ಅಂಗಳದ ಬಿಸಿಲು. ಇದನ್ನು ಸೊಲ್ಲಾಪುರದ ನಮ್ಮ ಬಂಧುಬಳಗ ಪ್ರೀತಿ ಎಂದು ಕರೆಯುತ್ತಿತ್ತು. ಪ್ರೀತಿ ಇರಲಿಲ್ಲ ಎಂದು ಹೇಳಲಾರೆ. ಆದರೆ ಪ್ರೀತಿಗೆ ಬಚ್ಚಲಿನ ಅವಸರ ತಿಳಿಯುವುದಿಲ್ಲ.

ಅಣ್ಣ ಗಿರಣಿಯ ಆಫೀಸಿನಲ್ಲಿ ಗುಮಾಸ್ತ. ನಾನು ಚಾದರ ನೇಯುವ ಒಂದು ಕಾರ್ಖಾನೆಯಲ್ಲಿ ನಕಾಶೆ ಬರೆಯುವವಳು. ಚೌಕಳಿ ಕಾಗದದ ಮೇಲೆ ಒಂದೊಂದು ಮನೆಗೂ ಬಣ್ಣ ತುಂಬಿ ನವಿಲು, ಹೂಬಳ್ಳಿ, ಗೋಪುರ ಮೂಡಿಸಬೇಕು. ಆ ಕಾಗದ ನೋಡಿ ಮಗ್ಗಕ್ಕೆ ತೂತಿನ ರಟ್ಟು ಕೊರೆಯುತ್ತಾರೆ, ಮಗ್ಗ ಅದರಂತೆ ನೇಯುತ್ತದೆ. ಕಾಲಿನ ಕೆಲಸವೇ ಇಲ್ಲದ ಉದ್ಯೋಗ. ನನ್ನ ನವಿಲುಗಳನ್ನು ಹೊದ್ದು ಊರೂರಿನ ಜನ ಮಲಗುತ್ತಿದ್ದರು, ನಾನು ಮಾತ್ರ ಮನೆಯಿಂದ ಕಾರ್ಖಾನೆಗೆ ಅರ್ಧ ಮೈಲಿ ಹೋಗಲು ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಟವೆಲಿನಿಂದ ಕಟ್ಟಿಸಿಕೊಳ್ಳಬೇಕಾಗಿತ್ತು. ಬೆಳಿಗ್ಗೆ ಅವನ ಹೊತ್ತಿಗೆ ಇಳಿಸುತ್ತಿದ್ದ. ಸಂಜೆ ಗೆಳೆಯರೊಂದಿಗೆ ಅವನ ಚಹಾ, ಅವನ ಎಲೆಯಡಿಕೆ, ಅವನ ಇಸ್ಪೀಟು ಮುಗಿದ ಮೇಲೆ ಬರುತ್ತಿದ್ದ. ಕಾರ್ಖಾನೆಯಲ್ಲಿ ಎಲ್ಲರೂ ಹೋದ ಮೇಲೂ ಎರಡು ತಾಸು ನಾನು ಮೇಜಿನ ಮುಂದೆ ಕೂತಿರುತ್ತಿದ್ದೆ. ಅವನು ಬಂದು ನನ್ನನ್ನು ಎತ್ತುವಾಗ ದಾರಿಯಲ್ಲಿ ಹೋಗುವವರು ನಿಂತು ನೋಡಿ, ಇಂಥ ಅಣ್ಣ ಸಿಗಲು ಎಷ್ಟು ಪುಣ್ಯ ಮಾಡಿರಬೇಕು ಎಂದು ಲೊಚಗುಟ್ಟುತ್ತಿದ್ದರು. ಆಗ ಅಣ್ಣನ ಎದೆ ಎರಡು ಬೆರಳು ಅಗಲವಾಗುತ್ತಿತ್ತು. ನಾನು ಅವನ ಕಂಕುಳಲ್ಲಿ ಇದ್ದವಳಲ್ಲವೇ, ಅದು ಅಗಲವಾಗುವುದು ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಭಾಷೆಯ ಪ್ರಕಾರ ರಾಜ್ಯಗಳನ್ನು ಹಂಚಿ, ಮನೆಯಲ್ಲಿ ಕನ್ನಡ ಆಡುವ ನಮ್ಮನ್ನು ಮರಾಠಿಯ ಪಾಲಿಗೆ ಬಿಟ್ಟ ಮಾರನೆಯ ವರ್ಷ ಕಾರ್ಖಾನೆಯ ವಾಯರಮನ್ ಮೇಸ್ತ್ರಿಗೆ ನನ್ನ ಮೇಲೆ ಸಿಟ್ಟು ಬಂತು. ದಿನಾ ಸಂಜೆ ನಾನು ಕೂತಿರುವವರೆಗೆ ಅವರೂ ಕಾಯಬೇಕಿತ್ತು, ದೀಪ ಆರಿಸುವ ಕೆಲಸ ಅವರದು. ಕರುಣೆಯಿಂದ ಅಲ್ಲ, ತಮ್ಮ ಮನೆಗೆ ಹೊತ್ತಿಗೆ ಸರಿಯಾಗಿ ಹೋಗುವ ಆಸೆಯಿಂದ ಆ ಮನುಷ್ಯ ನನಗೊಂದು ಕರೆಂಟಿನ ಕುರ್ಚಿ ಮಾಡಿಕೊಟ್ಟರು. ನನಗೆ ಯಾರಾದರೂ ಮಾಡಿದ ಅತಿ ದೊಡ್ಡ ಉಪಕಾರ ಇದು, ಅದರಲ್ಲಿ ಪುಣ್ಯದ ಲೆಕ್ಕ ಒಂದು ಚೂರೂ ಇರಲಿಲ್ಲ. ಯಾವುದೋ ದವಾಖಾನೆ ಹರಾಜಿಗೆ ಹಾಕಿದ್ದ ಗಾಲಿಕುರ್ಚಿ, ಸೈಕಲ್ಲಿನ ಎರಡು ಚಕ್ರ, ಮಿಲಿಟರಿಯವರು ಮಾರಿದ ಸಾಮಾನಿನಲ್ಲಿ ಸಿಕ್ಕ ಒಂದು ಸಣ್ಣ ಮೋಟಾರು, ಸೀಟಿನ ಕೆಳಗೆ ಲಾರಿಯ ಬ್ಯಾಟರಿ. ಆರು ತಿಂಗಳು ಅವರು ಅದನ್ನು ಬಿಚ್ಚಿದರು, ಕೂಡಿಸಿದರು, ಬೈದರು. ಕೊನೆಗೆ ಒಂದು ದಿನ ಅದು ಗುರ್ ಎಂದು ಕಾರ್ಖಾನೆಯ ಅಂಗಳ ಸುತ್ತಿತು. ಎಮ್ಮೆ ಅವಸರವಿಲ್ಲದೆ ಹೋಗುವಷ್ಟು ವೇಗ. ನನಗೆ ಅದು ಸಾಕಷ್ಟಾಯಿತು.

ಕುರ್ಚಿಯ ಎಡಗಡೆ ಗಿರಣಿಯ ಹಳೆಯ ಸ್ವಿಚ್ಚು, ಬಲಗಡೆ ಮುಂದಿನ ಗಾಲಿ ತಿರುಗಿಸುವ ದಾಂಡಿ, ಆ ದಾಂಡಿಗೇ ಸೈಕಲ್ಲಿನ ಬ್ರೇಕು. ಸ್ವಿಚ್ಚು ಹಾಕಿದರೆ ಹಾಕಿದ್ದೇ. ತೆಗೆಯುವವರೆಗೆ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಲೇ ಇರುತ್ತದೆ. ಇದನ್ನು ಮೇಸ್ತ್ರಿ ತಮ್ಮ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹತ್ತು ಸಲ ಹೇಳಿದರು.

"ಬಾಯೀ, ಹೀ ಖುರ್ಚಿ ನವ್ಹ, ಖುರ್ಚಿ ಅಲ್ಲ ಇದು, ಗಾಡಿ ಆಹೆ. ಖುರ್ಚಿಮ್ಯಾಲ ಕುಂತವರು ಮನಸ್ಸಿಗೆ ಬಂದಂಗ ಕೈ ಆಡಸ್ತಾರ, ಗಾಡಿ ನಡಸವರು ಆಡಸಂಗಿಲ್ಲ. ಎಡಗೈ ಸ್ವಿಚ್ಚಿನ ಮ್ಯಾಲ, ಬಲಗೈ ದಾಂಡಿ ಮ್ಯಾಲ. ಸಾಕ್ಷಾತ್ ದೇವರ ಎದುರಿಗೆ ಬಂದ್ರೂ ಕೈ ಬಿಡಬ್ಯಾಡ್ರಿ. ಮೊದಲ ಸ್ವಿಚ್ ಬಂದ್, ಆಮ್ಯಾಲ ದೇವರು."

ಟಾಂಗಾದ ಕುದುರೆಯಿಂದ ಹತ್ತು ಹೆಜ್ಜೆ ದೂರ ಇರಬೇಕು, ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಬೇಕು, ಗಿರಣಿಯ ಭೋಂಗಾ ಕೂಗಿ ಪಾಳಿ ಬಿಡುವ ಹೊತ್ತಿಗೆ ದೊಡ್ಡ ರಸ್ತೆಗೆ ಬರಬಾರದು ಎಂದೂ ಹೇಳಿದರು. ಎಲ್ಲವನ್ನೂ ಪಾಲಿಸಿದೆ. ಕುದುರೆಗಳು ಎಂದೂ ನನಗೆ ತೊಂದರೆ ಕೊಡಲಿಲ್ಲ. ಅಪಾಯವೆಲ್ಲ ಬಂದದ್ದು ಸಜ್ಜನರಿಂದ.

ಬಾಗಿಲಿನಿಂದ ಹೊರಗೆ ಬಿದ್ದ ಮೊದಲ ವಾರವೇ ಊರಿನಲ್ಲಿ ಎಷ್ಟು ದಯಾಳುಗಳಿದ್ದಾರೆ ಎಂದು ತಿಳಿಯಿತು. ಮೋಟಾರು ಓಡುತ್ತಿರುವಾಗಲೇ ಹಿಂದಿನಿಂದ ಒಬ್ಬರು ಬಂದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನೂಕುತ್ತಿದ್ದರು. ಬೇಡ ಎಂದರೆ ಸಂಕೋಚ ಎಂದು ತಿಳಿದು ಇನ್ನೂ ಜೋರಾಗಿ ನೂಕುತ್ತಿದ್ದರು. ಪಕ್ಕದ ಓಣಿಯ ಹೆಂಗಸೊಬ್ಬಳು ನಾನು ಹೇಗೂ ಆ ಕಡೆಗೇ ಹೋಗುತ್ತೇನೆಂದು ತೊಡೆಯ ಮೇಲೆ ತರಕಾರಿಯ ಚೀಲ ಇಟ್ಟು ಪಕ್ಕದಲ್ಲಿ ಕೈಬೀಸಿಕೊಂಡು ಬರುತ್ತಿದ್ದಳು. ಗುರುವಾರ ಮಠದಿಂದ ಬರುವವರು ನನ್ನ ಮಡಿಲಿಗೆ ಬಾಳೆಹಣ್ಣು ಹಾಕಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಬೇಡಿದವಳಲ್ಲ. ಹಣ್ಣು ಬಂದಾಗ ಬಿಟ್ಟವಳೂ ಅಲ್ಲ; ಸಿಪ್ಪೆ ಸುಲಿಯಲು ಮಾತ್ರ ಕೈ ಬಿಡುವಂತಿರಲಿಲ್ಲವಾದ್ದರಿಂದ ಕಾರ್ಖಾನೆ ಮುಟ್ಟಿದ ಮೇಲೆ ತಿನ್ನುತ್ತಿದ್ದೆ.

ಇವನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನಮಸ್ಕಾರ.

ನಮ್ಮ ಓಣಿಯಲ್ಲಿ ಹಿರಿಯರು ಎದುರಾದರೆ ಎರಡೂ ಕೈ ಜೋಡಿಸಿ ಎದೆಯವರೆಗೆ ತರಬೇಕು. ಲಿಂಗಾಯತರಾದರೆ ಶರಣ್ರೀ, ಮಿಕ್ಕವರಾದರೆ ನಮಸ್ಕಾರ್ರೀ, ರಾಮರಾಮ್ರೀ. ಮಾತು ಬೇರೆ ಇರಬಹುದು, ಕೈ ಮಾತ್ರ ಎರಡೂ ಬೇಕು. ಮುಗಿಯದಿದ್ದರೆ ಸೊಕ್ಕು. ಸೈಕಲ್ಲಿನ ಮೇಲಿದ್ದ ಗಂಡಸರು ಹೇಗೆ ಮಾಡುತ್ತಾರೆ ಎಂದು ಕೇಳಬೇಡಿ; ಅವರು ಇಳಿಯುತ್ತಾರೆ. ಅಣ್ಣ ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದ ಕಾಲದಲ್ಲಿ ನನ್ನ ಎರಡೂ ಕೈ ಖಾಲಿ ಇರುತ್ತಿದ್ದವು, ಓಣಿಗೆಲ್ಲ ಧಾರಾಳವಾಗಿ ಮುಗಿಯುತ್ತ ಹೋಗುತ್ತಿದ್ದೆ. ಎಷ್ಟು ವಿನಯದ ಹುಡುಗಿ ಎಂದು ಹೆಸರಿತ್ತು. ಹೆಗಲ ಮೇಲಿದ್ದವಳು ವಿನಯವಾಗಿರದೆ ಇನ್ನೇನು ಮಾಡಿಯಾಳು!

ಕುರ್ಚಿ ಬಂದ ಎರಡನೆಯ ವಾರ ಮೂಲೆಮನೆಯ ನಿವೃತ್ತ ಮಾಸ್ತರರು ನಮ್ಮ ಕಟ್ಟೆಗೆ ಬಂದು ಕೂತರು. ಅವ್ವ ಕೊಟ್ಟ ಚಹಾ ಮುಟ್ಟಲಿಲ್ಲ. ಅಪ್ಪನಿಗೆ ಹೇಳಿದರು:

"ನಿಮ್ಮ ಮಗಳು ಭಾಳ ದೊಡ್ಡಾಕಿ ಆಗ್ಯಾಳ್ರಿ. ನಾ ಎದುರಿಗೆ ಬಂದೀನಿ, ಮಾರಿ ನೋಡ್ಯಾಳ, ಕೈ ಎತ್ತಿಲ್ಲ. ಪಾಪ ಕಾಲಿಲ್ಲ ಅಂತ ನಾವೆಲ್ಲ ಮರಗತಿದ್ವಿ. ಈಗ ಕೈಗೇನಾಗ್ಯದ?"

ಅಪ್ಪ ಮೆತ್ತನೆಯ ಮನುಷ್ಯ. ಯಾರು ಕೊನೆಗೆ ಮಾತಾಡುತ್ತಾರೋ ಅವರ ಮಾತು ಅಪ್ಪನಿಗೆ ಸರಿ ಕಾಣುತ್ತದೆ. ನಾನು ಸ್ವಿಚ್ಚು, ದಾಂಡಿ, ಬ್ರೇಕು ಎಂದು ವಿವರಿಸಿದೆ. ಮಾಸ್ತರರು ಇನ್ನೊಂದು ಸಲ ನಿಟ್ಟುಸಿರು ಬಿಟ್ಟರು. ಅಪ್ಪ ನನ್ನ ಕಡೆ ತಿರುಗಿ, "ಎರಡು ಚಣದ ಕೆಲಸ ಅದ. ಕೈ ಮುಗದ್ರ ನಿನ್ನ ಗಂಟೇನ್ ಹೋಗ್ತದವಾ?" ಎಂದರು.

ನಾನು ಪ್ರಯತ್ನ ಮಾಡಲಿಲ್ಲ ಎನ್ನಬೇಡಿ. ಮೇಸ್ತ್ರಿ ಹೇಳಿದ ಹಾಗೆ ಮೊದಲು ಸ್ವಿಚ್ಚು ತೆಗೆದು, ಬ್ರೇಕು ಹಾಕಿ, ಗಾಡಿ ನಿಲ್ಲಿಸಿ, ಕೈ ಮುಗಿದೆ. ನಿಂತವಳನ್ನು ಯಾರು ಬಿಡುತ್ತಾರೆ? ಊಟವಾಯಿತೇ, ಈ ಗಾಡಿಗೆ ಎಣ್ಣೆ ಎಲ್ಲಿ ಹಾಕುತ್ತೀ, ಶಾಕ್ ಹೊಡೆಯುವುದಿಲ್ಲವೇ, ಮದುವೆಯ ಮಾತು ಎಲ್ಲಾದರೂ ನಡೆದಿದೆಯೇ. ಅರ್ಧ ಮೈಲಿಗೆ ಒಂದೂಕಾಲು ತಾಸು ಹಿಡಿಯಿತು. ಅಣ್ಣನ ಸೈಕಲ್ಲೇ ವಾಸಿ ಅನ್ನುವ ಹಾಗಾಯಿತು. ಮರುದಿನ ಬಲಗೈಯನ್ನು ದಾಂಡಿಯ ಮೇಲೇ ಇಟ್ಟು ಎಡಗೈ ಒಂದನ್ನೇ ಹಣೆಗೆ ಮುಟ್ಟಿಸಿದೆ. ಎಡಗೈ! ಕಿರಾಣಿ ಅಂಗಡಿಯ ಅಜ್ಜ ಆ ದಿನದಿಂದ ನಮ್ಮ ಮನೆಗೆ ಬೆಲ್ಲವನ್ನು ತಾನೇ ತೂಗಿ ಕೊಡುವುದನ್ನು ಬಿಟ್ಟ. ಆಮೇಲೆ ಬರೀ ತಲೆಯಾಡಿಸಿ ನೋಡಿದೆ. ನನ್ನ ಕುತ್ತಿಗೆಯ ನರಕ್ಕೂ ಈಗ ಏನೋ ಆಗಿದೆ ಎಂದು ಸುದ್ದಿಯಾಯಿತು, ಇಬ್ಬರು ಹೆಂಗಸರು ಅವ್ವನಿಗೆ ಎಣ್ಣೆ ತಂದುಕೊಟ್ಟರು.

ಕೊನೆಗೆ ರಸ್ತೆ ಸಪಾಟಾಗಿರುವ ಕಡೆ, ಮುಂದೆ ಯಾರೂ ಇಲ್ಲದಾಗ, ಗಾಡಿ ಓಡುತ್ತಿರುವಂತೆಯೇ ಎರಡೂ ಕೈ ಬಿಟ್ಟು ಚಕ್ಕನೆ ಮುಗಿದು ಚಕ್ಕನೆ ಹಿಡಿಯುವುದನ್ನು ಕಲಿತೆ. ಮೂರು ದಿನ ಚೆನ್ನಾಗಿ ನಡೆಯಿತು, ಓಣಿಯವರು ಮತ್ತೆ ನಕ್ಕರು. ನಾಲ್ಕನೆಯ ದಿನ ಮಾಸ್ತರರಿಗೇ ಮುಗಿಯುತ್ತಿದ್ದೆ. ಅವರು ಒಂದು ಕೈ ಎತ್ತಿ ಆಶೀರ್ವಾದ ಮಾಡಿದರು, ಮುಂದಿನ ಗಾಲಿ ಒಂದು ಕಲ್ಲಿಗೆ ತಾಗಿ ತಿರುಗಿತು, ನಾನೂ ಗಾಡಿಯೂ ಸೀದಾ ಟಾಂಗಾ ಕುದುರೆಗಳಿಗಾಗಿ ಮಾರಲು ಒಟ್ಟಿದ್ದ ಜೋಳದ ಕಣಿಕೆಯ ಬಣವೆಯೊಳಗೆ ಹೋದೆವು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮಾಸ್ತರರು ಊರೆಲ್ಲ ತಿರುಗಿ, ಮಷೀನು ಹುಡುಗಿಯನ್ನು ಕೊಲ್ಲುತ್ತಿತ್ತು, ತಮ್ಮ ಆಶೀರ್ವಾದದಿಂದ ಉಳಿದಳು ಎಂದರು.

ಆ ವಾರ ಅಣ್ಣ ಅಕ್ಕಲಕೋಟೆಗೆ ಪತ್ರ ಬರೆದ. ಕುರ್ಚಿ ಬಂದಾಗಿನಿಂದ ಅವನ ಮುಖದಲ್ಲಿ ಕಳೆ ಇರಲಿಲ್ಲ. ಸಂಜೆ ಇಸ್ಪೀಟಿಗೆ ಬೇಕಾದಷ್ಟು ಸಮಯ ಸಿಕ್ಕಿತ್ತು, ಆದರೆ ರಸ್ತೆಯಲ್ಲಿ ನಿಂತು ಅವನನ್ನು ಹೊಗಳುವವರು ಇಲ್ಲವಾಗಿದ್ದರು. ನನ್ನ ಪ್ರಾಣದ ಚಿಂತೆಯಿಂದ ಬರೆದೆ ಎಂದು ಅವನು ಸಾಯುವವರೆಗೂ ಹೇಳಿದ. ಅರ್ಧ ನಿಜವಿರಬಹುದು.

ಅಕ್ಕಲಕೋಟೆಯಲ್ಲಿ ಇದ್ದವರು ದೊಡ್ಡಪ್ಪ, ಅಪ್ಪನ ಅಣ್ಣ. ಸಂಸ್ಥಾನವಿದ್ದಾಗ ಅಲ್ಲಿನ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನರಾಗಿದ್ದವರು. ಸಂಸ್ಥಾನ ಹೋಗಿ ಎಂಟೊಂಬತ್ತು ವರ್ಷವಾಗಿತ್ತು, ದೊಡ್ಡಪ್ಪನಿಗೆ ಮಾತ್ರ ಆ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಬಿಸಿಲಿನಲ್ಲೂ ಕೋಟು, ತಲೆಗೆ ಜರಿಯ ರುಮಾಲು, ಕೈಯಲ್ಲಿ ಬೆತ್ತ. ತಾವಾಗಿ ಯಾರಿಗೂ ಮೊದಲು ಕೈ ಮುಗಿದವರಲ್ಲ; ಎದುರಿನವರು ಮುಗಿದ ಮೇಲೆ ಗದ್ದವನ್ನು ಅರ್ಧ ಅಂಗುಲ ಕೆಳಗಿಳಿಸುತ್ತಿದ್ದರು, ಅಷ್ಟೇ. ನಮ್ಮ ಕುಟುಂಬದಲ್ಲಿ ಮದುವೆ, ಮನೆ, ಹೊಲ ಯಾವುದಿರಲಿ, ಅವರು ಆಡಿದ್ದೇ ಕೊನೆಯ ಮಾತು. ಪತ್ರ ಮುಟ್ಟಿದ ಮೂರನೆಯ ದಿನ ಬಸ್ಸಿನಲ್ಲಿ ಬಂದಿಳಿದರು, ವಾಗದರಿಯ ಹೊಲದ ಶೇಂಗಾದ ಚೀಲವೊಂದನ್ನು ಅಣ್ಣನ ತಲೆಯ ಮೇಲೆ ಹೊರಿಸಿಕೊಂಡು.

ನಾನು ಕಾರ್ಖಾನೆಯಿಂದ ಬಂದಾಗ ಅವರು ಬಾಗಿಲ ಮುಂದೆ ಕೋಲೂರಿ ನಿಂತಿದ್ದರು. ದೊಡ್ಡಪ್ಪ ಎಂದರೆ ಬರೀ ಕೈ ಮುಗಿದರೆ ಸಾಲದು, ಕಾಲು ಮುಟ್ಟಬೇಕು. ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಕಾಲು ಮುಟ್ಟುವುದು ಸುಲಭವಲ್ಲ. ಪೂರ್ತಿ ಮಡಚಿಕೊಂಡು ತಲೆ ಮೊಣಕಾಲಿನ ಕೆಳಗೆ ಹೋಗಬೇಕು. ಬ್ರೇಕು ಹಿಡಿದು ನಿಲ್ಲಿಸಿದೆ, ಭಯಕ್ಕೋ ಭಕ್ತಿಗೋ ಸ್ವಿಚ್ಚು ತೆಗೆಯಲು ಮರೆತೆ, ಎರಡೂ ಕೈ ಬಿಟ್ಟು ಬಾಗಿದೆ. ಬ್ರೇಕು ಬಿಟ್ಟ ಗಾಡಿ ತನ್ನ ಕೆಲಸ ತಾನು ಮಾಡಿತು. ದೊಡ್ಡಪ್ಪ "ದೀರ್ಘಾ" ಎನ್ನುವಷ್ಟರಲ್ಲಿ ಮುಂದಿನ ಗಾಲಿ ಅವರ ಬಲಗಾಲಿನ ಹೆಬ್ಬೆರಳ ಮೇಲೆ ಹತ್ತಿ ನಿಂತಿತು. ಆಶೀರ್ವಾದದ ಉಳಿದ ಭಾಗ ಯಾವ ಶಾಸ್ತ್ರದಲ್ಲೂ ಇಲ್ಲದ ಮಾತಿನಲ್ಲಿ ಬಂತು.

ಅವ್ವ ಅರಿಸಿನ ಹಚ್ಚಿದಳು. ನಾನು ಅತ್ತೆ, ನಿಜವಾಗಿಯೂ ಅತ್ತೆ, ತಪ್ಪು ನನ್ನದೇ ಆಗಿತ್ತು. ದೊಡ್ಡಪ್ಪ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ತೀರ್ಪು ಕೊಟ್ಟರು.

"ಇದು ಹೆಣ್ಣಮಕ್ಕಳ ಕೈಯಾಗ ಇರೋ ವಸ್ತು ಅಲ್ಲ. ನಾ ಇಕೀನ ಅಕ್ಕಲಕೋಟಿಗೆ ಕರಕೊಂಡು ಹೋಗ್ತೀನಿ. ಹಿತ್ತಲ ಖೋಲಿ ಖಾಲಿ ಅದ, ಗಾಳಿ ಬೆಳಕು ಭೇಷ್ ಅದ. ಕೆಲಸಾನೂ ಬ್ಯಾಡ, ಗಿಲಸಾನೂ ಬ್ಯಾಡ. ಅಂಗೈಮ್ಯಾಲ ಇಟ್ಕೊಂಡು ನೋಡ್ಕೋತೀವಿ."

ಆ ಹಿತ್ತಲ ಖೋಲಿ ನಾನು ಕಂಡದ್ದೇ. ಬಚ್ಚಲಿಗೂ ಅದಕ್ಕೂ ನಡುವೆ ಒಂಬತ್ತು ಮೆಟ್ಟಿಲು. ಒಳಗೆ ಹೋದರೆ ನನ್ನ ನಕಾಶೆ ಇಲ್ಲ, ಕಾರ್ಖಾನೆ ಇಲ್ಲ, ಅರ್ಧ ಮೈಲಿಯ ರಸ್ತೆ ಇಲ್ಲ. ದಿನವಿಡೀ ಇನ್ನೊಬ್ಬರ ಅಂಗೈ ಯಾವಾಗ ಖಾಲಿಯಾಗುತ್ತದೆಂದು ಕಾಯುತ್ತ ಮುದುಕಿಯಾಗುವುದು. ಅಪ್ಪನ ಮುಖ ನೋಡಿದೆ. ಕೊನೆಗೆ ಮಾತಾಡಿದವರು ದೊಡ್ಡಪ್ಪ, ಆದ್ದರಿಂದ ಅಪ್ಪನಿಗೆ ಅದು ಸರಿ ಕಂಡಿತ್ತು. ನಾನು ಅವಸರದಿಂದ ನಡುವೆ ಬಾಯಿ ಹಾಕಿದೆ: ಒಂದೇ ಒಂದು ಸಲ ನನ್ನ ಜೊತೆ ಕಾರ್ಖಾನೆಯವರೆಗೆ ಬಂದು ನೋಡಲಿ, ಏನಾದರೂ ಅನಾಹುತವಾದರೆ ತುಟಿ ಪಿಟಕ್ಕೆನ್ನದೆ ಅಕ್ಕಲಕೋಟೆಗೆ ಬರುತ್ತೇನೆ. ಈಗ ಕೊನೆಗೆ ಮಾತಾಡಿದವಳು ನಾನಾದೆ, ಅಪ್ಪ ತಲೆಯಾಡಿಸಿದರು. ದೊಡ್ಡಪ್ಪ ಒಪ್ಪಿದರು. ಪರೀಕ್ಷೆ ಎಂದರೆ ಅವರಿಗೆ ಮೊದಲಿನಿಂದಲೂ ಇಷ್ಟ, ತಾವು ಪರೀಕ್ಷೆ ಮಾಡುವ ಕಡೆ ಇರುವುದಾದರೆ. ಅವ್ವ ಮಾತ್ರ ಆ ರಾತ್ರಿಯೇ ನನ್ನ ಸೀರೆಗಳನ್ನು ಟ್ರಂಕಿಗೆ ತುಂಬಿದಳು.

ಸೋಮವಾರ ಎಂಟು ಗಂಟೆಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ನಾನು, ಪಕ್ಕದಲ್ಲಿ ಯಾವ ಗಳಿಗೆಯಲ್ಲಾದರೂ ಎತ್ತಲು ಸಿದ್ಧನಾಗಿ ಅಣ್ಣ, ಹಿಂದೆ ಕುಂಟುತ್ತ ದೊಡ್ಡಪ್ಪ, ಅವರ ಜೊತೆ ಸಾಕ್ಷಿಯಾಗಿ ಮಾಸ್ತರರು. ಹೊರಡುವ ಮುಂಚೆ ನಾನು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಎರಡೂ ಅನಾಹುತ ಆದದ್ದು ನಾನು ಮರ್ಯಾದೆ ಮಾಡಲು ಹೋದಾಗ. ಈ ದಿನ ಮರ್ಯಾದೆ ಬಂದ್.

ಮೊದಲು ಎದುರಾದವಳು ಕುಂಭಾರಿ ಹಳ್ಳಿಯಿಂದ ಹಾಲು ತರುವ ಮುದುಕಿ. "ಶರಣ್ರೀ ಅಕ್ಕಾರ" ಎಂದು ಖಾಲಿ ಗಡಿಗೆ ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಮುಗಿದಳು.

"ಶರಣ್ರೀ" ಎಂದು ಬಾಯಲ್ಲಿ ಹೇಳಿದೆ. ಕೈ ಬಿಡಲಿಲ್ಲ. ಗಾಡಿ ಮುಂದೆ ಹೋಯಿತು.

ಮುದುಕಿ ನಿಂತಲ್ಲೇ ನಿಂತಳು. ಮನೆತನದ ಮಾನ ಬೀದಿಯಲ್ಲಿ ಬಿದ್ದಿತ್ತು, ಅದನ್ನು ಎತ್ತುವವರು ಯಾರು? ದೊಡ್ಡಪ್ಪನೇ ಎತ್ತಬೇಕಾಯಿತು. ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ, ಹಾಲಿನ ಮುದುಕಿಗೆ ಎರಡೂ ಕೈ ಮುಗಿದು, "ಹುಡುಗಿ ಸಣ್ಣದದ, ಮನಸ್ಸಿಗೆ ಹಚ್ಕೋಬ್ಯಾಡವಾ" ಎಂದರು. ಆಕೆ ಜರಿ ರುಮಾಲಿನವರು ತನಗೆ ಕೈ ಮುಗಿದದ್ದು ಕಂಡು ಹೆದರಿ ಓಡಿದಳು.

ಆಮೇಲೆ ಕಿರಾಣಿ ಅಂಗಡಿಯ ಅಜ್ಜ. ಆಮೇಲೆ ಇಸ್ತ್ರಿಯವನ ತಾಯಿ. ಆಮೇಲೆ ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ನೇಕಾರರ ಗುಂಪು; ಅವರು ನನ್ನ ನಕಾಶೆಯನ್ನು ನೇಯುವವರು, ನಕ್ಕು ಒಟ್ಟಿಗೆ ಕೈ ಎತ್ತಿದರು. ಎಲ್ಲರಿಗೂ ನಾನು ಬಾಯಲ್ಲಿ ಹೇಳಿದೆ, ನಕ್ಕೆ, ಕೈ ಬಿಡಲಿಲ್ಲ. ಹಿಂದಿನಿಂದ ದೊಡ್ಡಪ್ಪನ ಏದುಸಿರೂ ಕ್ಷಮಾಪಣೆಯೂ ಕೇಳುತ್ತಿತ್ತು. ಮೂವತ್ತು ವರ್ಷದಲ್ಲಿ ಮುಗಿಯದ ಕೈಗಳನ್ನು ಆ ಮನುಷ್ಯ ಅರ್ಧ ಮೈಲಿಯಲ್ಲಿ ಮುಗಿದರು, ತಾವು ಹಿಂದೆ ಗದ್ದ ಸಹ ಇಳಿಸದ ಜನರಿಗೆ. ನನಗೆ ಅಯ್ಯೋ ಎನ್ನಿಸಲಿಲ್ಲ. ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು.

ಕಾರ್ಖಾನೆಯ ಮುಂದೆ ರಸ್ತೆ ಇಳಿಜಾರಾಗಿ, ಕೆಳಗೆ ಗಟಾರದ ಮೇಲಿನ ಸಣ್ಣ ಸೇತುವೆ ದಾಟಿ ಗೇಟು ಸೇರುತ್ತದೆ. ಇಡೀ ದಾರಿಯಲ್ಲಿ ನಿಜವಾದ ಅಪಾಯ ಅಲ್ಲೊಂದೇ. ಸ್ವಿಚ್ಚು ತೆಗೆದು ಬ್ರೇಕಿನ ಮೇಲೇ ಇಳಿಸಬೇಕು, ಎಡಗೈಯಿಂದ ಚಕ್ರವನ್ನೂ ಸವರಿ ಹಿಡಿಯುತ್ತಿರಬೇಕು. ನಾನು ಅರ್ಧ ಇಳಿದಿದ್ದೆ, ಸೇತುವೆಯ ಪಕ್ಕ ಒಂದು ಟಾಂಗಾ ಬಂದು ನಿಂತಿತು. ಅದರಿಂದ ಇಳಿದವರು ಕಾರ್ಖಾನೆಯ ಮಾಲೀಕರ ತಾಯಿ. ಎಂಬತ್ತು ವರ್ಷ, ಊರಿಗೆಲ್ಲ ಹಿರಿಯರು, ನನ್ನ ಅನ್ನ ಅವರ ಮನೆಯದು. ಗೇಟಿನ ಪಹರೆಯವನು, ಟಾಂಗಾದವನು, ಅಣ್ಣ ಎಲ್ಲರೂ ಬಾಗಿ ಕೈ ಮುಗಿದರು.

"ಕೈ ಮುಗಿ! ಏ, ಕೈ ಮುಗಿಯ!" ಎಂದು ಹಿಂದಿನಿಂದ ದೊಡ್ಡಪ್ಪ ಕೂಗಿದರು. "ಅನ್ನಾ ಹಾಕೂ ಮನಿ ಅದ ಹುಚ್ಚೀ, ಕೈ ಮುಗಿ!"

ನನ್ನ ಬೆರಳು ಬ್ರೇಕಿನ ಮೇಲೆ ಬೆಳ್ಳಗಾಗಿದ್ದವು. ಕೈ ಬಿಟ್ಟರೆ ಗಾಡಿ ಸೀದಾ ಆ ಮುದುಕಿಯ ಮೇಲೆ. ಅವರ ಮುಖ ನೋಡಲೂ ಧೈರ್ಯವಾಗದೆ ಅವರ ಸೀರೆಯ ಅಂಚು ಮಾತ್ರ ನೋಡುತ್ತ, ಒಂದು ಗೇಣು ದೂರದಲ್ಲಿ ಅವರನ್ನು ದಾಟಿ ಸೇತುವೆಗೆ ಇಳಿದೆ. ಕೆಲಸ ಹೋಯಿತು ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಯಾರು ಮುಗಿದರು, ಯಾರು ಮುಗಿಯಲಿಲ್ಲ, ಒಂದೂ ಅವರಿಗೆ ಕಂಡಿರಲಿಲ್ಲ.

ಹಿಂದೆ ಧಡ್ ಎಂದು ಸದ್ದಾಯಿತು. ನನ್ನ ಪಾಲಿನ ನಮಸ್ಕಾರವನ್ನೂ ತಮ್ಮ ಪಾಲಿನದನ್ನೂ ಸೇರಿಸಿ ಸೊಂಟದವರೆಗೆ ಬಾಗಿ ಕೈ ಮುಗಿಯುತ್ತಲೇ ಇಳಿಜಾರು ಇಳಿಯುತ್ತಿದ್ದ ದೊಡ್ಡಪ್ಪ, ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ನೋಡದೆ ಗಟಾರದೊಳಗೆ ಇಳಿದಿದ್ದರು. ಮೊಣಕಾಲಿನವರೆಗೆ. ಕೈಗಳು ಇನ್ನೂ ಜೋಡಿಸಿಯೇ ಇದ್ದವು. ಅಂದಿನ ಪರೀಕ್ಷೆಯಲ್ಲಿ ನಡೆದ ಅನಾಹುತ ಅದೊಂದೇ, ಅದಕ್ಕೆ ಕರೆಂಟಿನ ಸಂಬಂಧ ಇರಲಿಲ್ಲ.

ಮಾಸ್ತರರು ಅವರನ್ನು ಎಳೆದು ಮೇಲೆತ್ತಿದರು. ದೊಡ್ಡಪ್ಪ ಒದ್ದೆ ಧೋತರದಲ್ಲಿ, ವಾಲಿದ ರುಮಾಲಿನಲ್ಲಿ ದಡದಡನೆ ಬಂದು ನನಗಿಂತ ಮೊದಲು ಗೇಟು ಮುಟ್ಟಿ ಅಡ್ಡ ನಿಂತರು. ಕುಂಟುವುದನ್ನು ಸಹ ಮರೆತಿದ್ದರು. ಅಷ್ಟು ಹೊತ್ತಿಗೆ ನೇಕಾರರು, ಪಹರೆಯವನು, ಒಳಗಿನಿಂದ ಮೇಸ್ತ್ರಿ, ಎಲ್ಲ ಬಂದು ನೆರೆದಿದ್ದರು.

"ನೋಡಿದ್ರೇನು?" ಎಂದು ದೊಡ್ಡಪ್ಪ ಮಾಸ್ತರರನ್ನು ಕೇಳಿದರು. "ಒಬ್ಬರಿಗೂ ಮರ್ಯಾದಿ ಇಲ್ಲ. ಒಬ್ಬರಿಗೂ! ಗಾಡಿ ಹತ್ತಿ ತಲಿ ತಿರಗ್ಯದ ಇದಕ್ಕ." ನನ್ನ ಕಡೆ ತಿರುಗಿ ಬೆತ್ತ ತೋರಿಸಿದರು. "ಇಳಿ. ಮೊದಲ ಇಳಿ."

"ಹ್ಯಾಂಗ ಇಳೀಲಿ ದೊಡ್ಡಪ್ಪಾ?" ಎಂದೆ.

ನೇಕಾರರಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪನ ಮುಖ ಕೆಂಪಾಯಿತು. "ಏ, ಎತ್ತೋ ಅಕೀನ" ಎಂದು ಅಣ್ಣನಿಗೆ ಹೇಳಿದರು. "ಎತ್ತು. ಹನ್ನೊಂದರ ಬಸ್ಸಿಗೆ ಹೋಗೂದು."

"ಅನಾಹುತ ಆದ್ರ ಬರ್ತೀನಿ ಅಂದಿದ್ದೆ" ಎಂದೆ. "ಏನೂ ಆಗಿಲ್ಲ. ನನಗ ಕೆಲಸದ ಹೊತ್ತಾಗ್ಯದ, ಸರೀರಿ."

"ನನಗ ಸರಿ ಅಂತಿ?"

ಅಣ್ಣ ಎರಡೂ ತೋಳು ಚಾಚಿ ನನ್ನ ಕಡೆ ಬಂದ. ಆ ತೋಳುಗಳನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ಮೊಣಕಾಲಿನ ಕೆಳಗೆ ಬರುತ್ತದೆ, ಇನ್ನೊಂದು ಬೆನ್ನಿನ ಹಿಂದೆ, ಆಮೇಲೆ ನಾನು ಎಲ್ಲಿಗೆ ಹೋಗುತ್ತೇನೆಂಬುದು ನನಗೆ ಸಂಬಂಧಪಡದ ವಿಷಯವಾಗುತ್ತದೆ. ಅವನ ಬೆರಳು ನನ್ನ ಸೆರಗಿಗೆ ತಾಗಿತು. ನಾನು ಸ್ವಿಚ್ಚು ಹಾಕಿದೆ.

ಗಾಡಿ ದೊಡ್ಡಪ್ಪನ ಕಡೆಗೆ ಹೊರಟಿತು. ಮೆಲ್ಲಗೇ ಹೊರಟಿತು, ಅದಕ್ಕೆ ಬೇರೆ ವೇಗವೇ ಇರಲಿಲ್ಲ. ಐದಾರು ಹೆಜ್ಜೆಯ ದೂರ. ಅವರು ಬೆತ್ತ ಎತ್ತಿ ಹಿಡಿದು ನಿಂತರು, ಹಿರಿಯರಿಗೆ ಅಡ್ಡ ಹಾಯುವ ಹುಡುಗಿ ನಮ್ಮ ವಂಶದಲ್ಲಿ ಹುಟ್ಟಿಲ್ಲ ಎಂಬ ನಂಬಿಕೆಯಿಂದ ನಿಂತರು. ನಾಲ್ಕು ಹೆಜ್ಜೆ. ಮೂರು. ನನ್ನ ಮುಖದಲ್ಲಿ ಏನು ಕಂಡರೋ. ಹೆಬ್ಬೆರಳಿನ ನೆನಪೂ ಬಂದಿರಬೇಕು. ಕೊನೆಯ ಗಳಿಗೆಯಲ್ಲಿ ಧೋತರ ಎತ್ತಿ ಹಿಡಿದು ಪಕ್ಕಕ್ಕೆ ನೆಗೆದರು.

ನನ್ನ ಹುಟ್ಟಿನಿಂದ ಅಂದಿನವರೆಗೆ ನನಗಾಗಿ ಯಾರೂ ದಾರಿ ಬಿಟ್ಟಿರಲಿಲ್ಲ. ಬಿಡುವ ಸಂದರ್ಭವೇ ಬಂದಿರಲಿಲ್ಲ, ನನ್ನನ್ನು ಎತ್ತಿಕೊಂಡವರಿಗೆ ದಾರಿ ಬಿಡುತ್ತಿದ್ದರು.

ಒಳಗೆ ಬಂದ ಮೇಲೆ ಮೇಸ್ತ್ರಿ ಮಗ್ಗುಲಲ್ಲಿ ನಡೆಯುತ್ತ ಮೆಲ್ಲಗೆ ಕೇಳಿದರು: "ಬಾಯೀ, ಬ್ರೇಕಿನ ಮ್ಯಾಲ ಬೆರಳು ಇತ್ತಲ್ರಿ?"

"ಇತ್ತು" ಎಂದೆ.

ಇರಲಿಲ್ಲ. ಅದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಅವರು ಸರಿಯದಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲ, ಎಪ್ಪತ್ತು ವರ್ಷದ ಆ ಮುದುಕನ ಮೇಲೆ ಹಾಯಿಸಿಯೇ ಬಿಡುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾಚಿಕೆಯಾಗುತ್ತದೆ, ಪಶ್ಚಾತ್ತಾಪ ಇಲ್ಲ.

ಮೇಜಿನ ಹತ್ತಿರ ಗಾಡಿ ನಿಲ್ಲಿಸಿ ಸ್ವಿಚ್ಚು ತೆಗೆದೆ. ಚೌಕಳಿ ಕಾಗದದ ಮನೆಗಳು ಕಣ್ಣಿಗೆ ಕಲಸಿಕೊಂಡಂತೆ ಕಾಣುತ್ತಿದ್ದವು. ಕಿಟಕಿಯಿಂದ ಗೇಟು ಕಾಣುತ್ತದೆ. ದೊಡ್ಡಪ್ಪ ಹೊರಟುಹೋಗಿದ್ದರು, ಮಾಸ್ತರರು ಅವರ ಹಿಂದೆ. ಜನ ಚದುರಿದ್ದರು. ಅಣ್ಣ ಒಬ್ಬನೇ ಗೇಟಿನ ಹೊರಗೆ ನಿಂತಿದ್ದ, ಎರಡೂ ತೋಳು ಇನ್ನೂ ಮುಂದಕ್ಕೆ ಚಾಚಿದಂತೆಯೇ ಇದ್ದವು. ಅವುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಅವನಿಗೆ ತಿಳಿಯಲಿಲ್ಲ.